ಹೊಸ ಸೆನ್ಸರ್ ಹಾಕಿದ್ರೂ ಗಾಡಿಯ ಇಂಜಿನಿಗೆ ಹೋಗುವ ಗಾಳಿಯ ಟೆಂಪರೇಚರ್ -40 ಡಿಗ್ರಿ ತೋರಿಸ್ತದೆ, ಎಂತ ಮಾಡುದು?

ಬದಿಯಡ್ಕದಿಂದ: ಜೋರು ಮಳೆಯಲ್ಲಿ ಕುಂಬಳೆಗೆ ಹೋಗಿ ಬಂದ ಮೇಲೆ ಚೆಕ್ ಇಂಜಿನ್ ಲೈಟ್ ಹತ್ತಿದೆ, ಸ್ಕ್ಯಾನರಲ್ಲಿ ಪಿ0113 ಕೋಡ್ (ಆ ಗಾಳಿಯ ಟೆಂಪರೇಚರ್ ಸೆನ್ಸರಿನ ಸಿಗ್ನಲ್ ವೋಲ್ಟೇಜ್ ಹೆಚ್ಚು ಅಂತ), ಗ್ಯಾರೇಜಲ್ಲಿ ಸೆನ್ಸರ್ ಹೊಸತು ಹಾಕಿದ್ರು, ಆದ್ರೂ ಅದೇ ಕೋಡ್. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಮುಳ್ಳೇರಿಯದಿಂದ: -40 ಅಂದ್ರೆ ಸರ್ಕ್ಯೂಟ್ ಓಪನ್, ಎಲ್ಲಿಯೋ ವಯರ್ ತುಂಡಾಗಿದೆ ಅಥವಾ ಪಿನ್ ತಾಗ್ತಾ ಇಲ್ಲ. ಶಾರ್ಟ್ ಆದ್ರೆ ಪಿ0112 ಬಂದು ವಿಪರೀತ ಬಿಸಿ ತೋರಿಸ್ತದೆ. ಸೆನ್ಸರಿನ ಕನೆಕ್ಟರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿ ಸಿಗ್ನಲ್ ವಯರಿಗೂ ಸೆನ್ಸರ್ ಗ್ರೌಂಡಿಗೂ ಮೀಟರ್ ಹಿಡೀರಿ, 5 ವೋಲ್ಟ್ ಹತ್ರ ಬರ್ಬೇಕು. ಬಂದ್ರೆ ಆ ಎರಡನ್ನು ತುಂಡು ವಯರಲ್ಲಿ ಸೇರಿಸಿ ನೋಡಿ, ಸ್ಕ್ಯಾನರಲ್ಲಿ ಡಿಗ್ರಿ ಒಮ್ಮೆಲೇ ಮೇಲೆ ಹೋದ್ರೆ ವಯರಿಂಗ್ ಸರಿ ಉಂಟು. ನಾಲ್ಕೈದು ವಯರಿನ ಕನೆಕ್ಟರ್ ಆದ್ರೆ ಡಯಾಗ್ರಾಮ್ ನೋಡದೆ ಸೇರಿಸ್ಲೇಬೇಡಿ.

ಬದಿಯಡ್ಕದಿಂದ: ಸಿಗ್ನಲ್ ವಯರಿಗೂ ಗಾಡಿಯ ಲೋಹದ ಬಾಡಿಗೂ ಹಿಡಿದ್ರೆ 5 ವೋಲ್ಟ್ ಉಂಟು, ಸೆನ್ಸರ್ ಗ್ರೌಂಡಿಗೆ ಹಿಡಿದ್ರೆ ಏನೂ ಇಲ್ಲ!

ಮುಳ್ಳೇರಿಯದಿಂದ: ಹಾಗಾದ್ರೆ ಗ್ರೌಂಡ್ ವಯರೇ ಹೋಗಿದೆ. ಟೇಪ್ ಬಿಚ್ಚಿ ನೋಡಿ.

ಬದಿಯಡ್ಕದಿಂದ: ಸಿಕ್ಕಿತು! ಏರ್ ಫಿಲ್ಟರ್ ಡಬ್ಬಿಯ ಹಿಂದೆ ಇಲಿ ಕಚ್ಚಿದೆ, ತಾಮ್ರ ಹಸಿರು ಹಿಡಿದು ಪುಡಿಪುಡಿ. ಸೋಲ್ಡರ್ ಮಾಡಿ ಸ್ಲೀವ್ ಹಾಕಿದೆ, ಈಗ 31 ಡಿಗ್ರಿ ತೋರಿಸ್ತದೆ. ತುಂಬಾ ಉಪಕಾರ ಆಯ್ತು ಅಣ್ಣಾ.