ನಳದಲ್ಲಿ ಮೊದಲು ಬರುವ ಕಲಕು ನೀರು: ಆರ್‌ಒ ಯಂತ್ರ ಕೊಳ್ಳಬೇಕೇ?

ಪ್ರಶ್ನೆ (ಹಳೇ ಹುಬ್ಬಳ್ಳಿಯ ಗೃಹಿಣಿ):
ನಮಸ್ಕಾರ. ನಮ್ಮ ಓಣಿಗೆ ಆರೇಳು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಮೊದಲ ಹತ್ತು ನಿಮಿಷ ಬರುವ ನೀರು ಕಲಕಾಗಿದ್ದು ಗಟಾರದ ವಾಸನೆ ಹೊಡೆಯುತ್ತದೆ, ಆಮೇಲೆ ತಿಳಿಯಾಗುತ್ತದೆ. ಕಳೆದ ತಿಂಗಳು ನಮ್ಮ ಮನೆಯಲ್ಲಿ ಇಬ್ಬರಿಗೆ, ಪಕ್ಕದ ಮನೆಯಲ್ಲಿ ಒಂದು ಮಗುವಿಗೆ ವಾಂತಿ-ಭೇದಿಯಾಯಿತು. ದೂರು ಕೊಟ್ಟಾಗ ಶುದ್ಧೀಕರಣ ಘಟಕದ ವರದಿ ಸರಿಯಾಗಿದೆ ಎಂಬ ಉತ್ತರ ಬಂತು. ಅಂಗಡಿಯವರು ನೀರು ಸೋಸುವ ಆರ್‌ಒ ಯಂತ್ರ ಹಾಕಿಸಿ ಎನ್ನುತ್ತಾರೆ. ಘಟಕದಲ್ಲಿ ಸರಿಯಿದ್ದ ನೀರು ನಮ್ಮ ನಳಕ್ಕೆ ಬರುವಷ್ಟರಲ್ಲಿ ಕೆಡುವುದು ಹೇಗೆ?

ಉತ್ತರ 1 (ನೀರು ಸರಬರಾಜಿನಲ್ಲಿ ದುಡಿದು ನಿವೃತ್ತನಾದವನು, ಧಾರವಾಡ):
ಅಕ್ಕನವರೇ, ಘಟಕದ ವರದಿಯೂ ಸುಳ್ಳಲ್ಲ, ನಿಮ್ಮ ದೂರೂ ಸುಳ್ಳಲ್ಲ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಕಟ್ಟಿ ನಿಲ್ಲಿಸಿದ ಮಲಪ್ರಭೆಯ ನೀರು ಅಮ್ಮಿನಬಾವಿಯ ಘಟಕದಲ್ಲಿ ಆಲಂ (ಪಟಿಕ) ಹಾಕಿ ತಿಳಿಗೊಂಡು, ಮರಳಿನ ಸೋಸುತೊಟ್ಟಿ ದಾಟಿ, ಕ್ಲೋರಿನ್ ಸೇರಿಸಿಕೊಂಡು ಊರಿನತ್ತ ಹೊರಡುತ್ತದೆ. ಕೆಡುವುದು ಅದರ ಮುಂದಿನ ಹಾದಿಯಲ್ಲಿ. ನೀರು ನಿಲ್ಲಿಸಿದ ಮೇಲೆ ಪೈಪು ಬರಿದಾಗುತ್ತಾ ಹೋದಂತೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆಗ ಸಡಿಲಾದ ಜಾಯಿಂಟು, ತುಕ್ಕು ಹಿಡಿದ ತೂತುಗಳ ಮೂಲಕ ಸುತ್ತಲಿನ ಗಟಾರದ ನೀರು ಒಳಗೆ ನುಗ್ಗುತ್ತದೆ. ಮುಂದಿನ ಸರದಿಯಲ್ಲಿ ಮೊದಲು ನಿಮ್ಮ ಕೊಡಕ್ಕೆ ಬೀಳುವುದು ಅದೇ. ಓಣಿಯಲ್ಲಿ ಯಾರಾದರೂ ಲೈನಿಗೇ ಮೋಟಾರು ಹಚ್ಚಿ ಎಳೆಯುತ್ತಿದ್ದರೆ ಹೊಲಸು ಇನ್ನೂ ಬೇಗ ಒಳಬರುತ್ತದೆ. (ಇದನ್ನು ಹೇಳಿ ನಾನು ಸಾಕಷ್ಟು ಬೈಗುಳ ತಿಂದಿದ್ದೇನೆ.)

2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡಲು ಆರಂಭಿಸಿದರು. ಆ ವಾರ್ಡುಗಳನ್ನು ಸರದಿಯ ವಾರ್ಡುಗಳೊಡನೆ ಹೋಲಿಸಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರದಿಯ ನಳಗಳಲ್ಲೇ ನೀರಿಗೆ ಮಲ ಬೆರೆತಿದೆ ಎಂದು ಸೂಚಿಸುವ ಬ್ಯಾಕ್ಟೀರಿಯಾ ಹೆಚ್ಚು ಸಲ ಕಂಡುಬಂದವು. ಆದ್ದರಿಂದ ಮೊದಲ ನೀರನ್ನು ಸಂಪಿಗೆ ಬಿಡದೆ ಅಂಗಳಕ್ಕೆ ಹರಿಸಿ, ತಿಳಿಯಾದ ಮೇಲೆ ತುಂಬಿರಿ. ತಿಳಿಯಾಯಿತೆಂದ ಮಾತ್ರಕ್ಕೆ ನಿರ್ಮಲವಾಯಿತೆಂದು ಎಣಿಸಬೇಡಿ. ಸದ್ಯಕ್ಕೆ ಕುಡಿಯುವ ನೀರನ್ನು ಕೊತಕೊತ ಕುದಿಸಿಯೇ ಬಳಸಿರಿ.

ಉತ್ತರ 2 (ಪ್ರಯೋಗಾಲಯದ ಕೆಲಸಗಾರ್ತಿ, ಹಾವೇರಿ):
ಮೇಲಿನ ಮಾತಿಗೆ ಒಂದು ಸೇರ್ಪಡೆ: ಎಲ್ಲಿಯ ನೀರನ್ನು, ಯಾವಾಗ ಹಿಡಿದು ಪರೀಕ್ಷಿಸುತ್ತೀರಿ ಎಂಬುದು ಮುಖ್ಯ. ಸಂಪಿಗೆ ಬೀಳುವ ಮೊದಲು ಲೈನಿನಲ್ಲಿ, ಆಮೇಲೆ ಸಂಪಿನಲ್ಲಿ, ಕೊನೆಗೆ ಅಡುಗೆಮನೆಯ ಕೊಡದಲ್ಲಿ, ಹೀಗೆ ಮೂರು ಕಡೆ ನೋಡಿದರೆ ದೋಷ ಯಾರದೆಂದು ಗೊತ್ತಾಗುತ್ತದೆ. ಕ್ಲೋರೋಸ್ಕೋಪಿನಲ್ಲಿ (ನೀರಿನ ಕ್ಲೋರಿನ್ನನ್ನು ಬಣ್ಣದಿಂದ ಅಳೆಯುವ ಚಿಕ್ಕ ಸಾಧನ) ನೀರಿಗೆ ಪರೀಕ್ಷೆಯ ದ್ರವದ ಹನಿ ಹಾಕಿದೊಡನೆ ಹಳದಿ ಬಣ್ಣ ಬಂದರೆ ಕ್ಲೋರಿನ್ ಉಳಿದಿದೆ ಎಂದರ್ಥ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಬಣ್ಣವೇ ಬಾರದಿದ್ದರೆ ಹಾದಿಯಲ್ಲಿ ಹೊಲಸು ಆ ಕ್ಲೋರಿನ್ನನ್ನು ತಿಂದುಹಾಕಿರಬಹುದು. ಎಚ್2ಎಸ್ ಬಾಟಲಿಯಲ್ಲಿ (ಹೊಲಸಿನ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಪರೀಕ್ಷೆಯ ಬಾಟಲಿ) ಹಿಡಿದಿಟ್ಟ ನೀರು 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಅದನ್ನು ಹಾಗೆಯೇ ಕುಡಿಯಬಾರದು.

ಉತ್ತರ 3 (ಶಿಕ್ಷಕ, ಗದಗ ಜಿಲ್ಲೆ):
ಆರ್‌ಒ ಬಗ್ಗೆ ನನ್ನದೊಂದು ಮಾತು. ನಮ್ಮ ಜಿಲ್ಲೆಯ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ (ಮಿತಿ ಮೀರಿದರೆ ಹಲ್ಲು, ಮೂಳೆ ಕೆಡಿಸುವ ಲವಣ) ಹೆಚ್ಚು. ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆದೀತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಅಂಥಲ್ಲಿ ಆರ್‌ಒ ಬೇಕು. ನಿಮ್ಮದು ನದಿಯ ನೀರು, ನಿಮ್ಮ ತೊಂದರೆ ರೋಗಾಣುಗಳದು. ಲವಣ ತೆಗೆಯುವ ಯಂತ್ರಕ್ಕೆ ಹಣ ಸುರಿದು, ಅದು ಹೊರಚೆಲ್ಲುವ ನೀರನ್ನೂ ಕಳೆದುಕೊಳ್ಳುವುದು ವಾರಕ್ಕೊಮ್ಮೆ ನೀರು ಕಾಣುವ ಮನೆಗೆ ತಕ್ಕುದಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ನಿನ್ನೆ ಮೂರೂ ಕಡೆ ನೋಡಿಸಿದೆವು. ತಿಳಿಯಾದ ಮೇಲೆ ಲೈನಿನಲ್ಲಿ ತೆಳು ಹಳದಿ ಬಂತು. ಸಂಪಿನ ನೀರಿನಲ್ಲಿ ಬಣ್ಣವೇ ಬರಲಿಲ್ಲ. ಸಂಪಿನ ಮುಚ್ಚಳ ಅಂಗಳದ ಮಟ್ಟಕ್ಕೇ ಇದ್ದು ಬಚ್ಚಲ ನೀರು ಅಲ್ಲಿಗೆ ಹರಿಯುತ್ತದೆ. ಅಷ್ಟೇ ಅಲ್ಲ, ನಮ್ಮ ಮನೆಗೆ ಬರುವ ಹಳೆಯ ಕಬ್ಬಿಣದ ಪೈಪು ಗಟಾರದೊಳಗಿಂದಲೇ ಹಾದುಬಂದಿದೆ. ಯಂತ್ರಕ್ಕೆಂದು ತೆಗೆದಿಟ್ಟ ಹಣದಲ್ಲಿ ಪೈಪನ್ನು ಗಟಾರದ ಮೇಲಿಂದ ತರಿಸಿ, ಸಂಪು ತೊಳೆಯಿಸಿ, ಬಾಯಿಗೆ ಕಟ್ಟೆ ಎತ್ತಿಸುತ್ತಿದ್ದೇವೆ. ಮುಂದಿನ ಸರದಿ ಶನಿವಾರ ಎಂದಿದ್ದಾರೆ. ಅಂದು ಮೊದಲ ಹತ್ತು ನಿಮಿಷದ ನೀರು ಹೇಗಿತ್ತೆಂದು ಇಲ್ಲಿಯೇ ಬರೆಯುತ್ತೇನೆ.