ಪುಣೆ: ಪೋಸ್ಟ್‌ಪೇಯ್ಡ್‌ನಿಂದ ಪ್ರೀಪೇಯ್ಡ್ ಕರೆಂಟಿಗೆ ಹೋಗುವಾಗ ಠೇವಣಿ ಏನಾಗುತ್ತೆ?

ಪ್ರಶ್ನೆ (ಕೋಥ್ರೂಡ್):
ಬಾಡಿಗೆ ಫ್ಲ್ಯಾಟು, ಮಹಾವಿತರಣದ (ಮಹಾರಾಷ್ಟ್ರ ಸರ್ಕಾರದ ವಿದ್ಯುತ್ ವಿತರಣಾ ಕಂಪನಿ) ಮೀಟರು, ಸಂಪರ್ಕ ಮಾಲೀಕರ ಹೆಸರಲ್ಲಿದೆ. ಪ್ರೀಪೇಯ್ಡ್ ಮಾಡಿಸಿದರೆ ಹಳೇ ಠೇವಣಿ ವಾಪಸ್ ಬರುತ್ತಾ? ಮೊದಲ ರೀಚಾರ್ಜ್ ಎಷ್ಟು ಹಾಕಬೇಕು?

ಉತ್ತರ 1:
ಸರ್, 2003ರ ವಿದ್ಯುತ್ ಕಾಯ್ದೆಯ ಕಲಂ 47(5) ನೋಡಿ. ಪ್ರೀಪೇಯ್ಡ್ ಮೀಟರಿಗೆ ಒಪ್ಪಿದವರಿಂದ ಠೇವಣಿ ಕೇಳುವಂತಿಲ್ಲ. ಅರ್ಜಿಯಲ್ಲಿ ಈ ಕಲಂ ನಮೂದಿಸಿ, ಬಾಕಿ ಕಳೆದು ಉಳಿದದ್ದನ್ನು ಏನು ಮಾಡಬೇಕೆಂದು ಬರೆಯಿರಿ. ಸಂಪರ್ಕ ಮಾಲೀಕರ ಹೆಸರಲ್ಲಿರುವುದರಿಂದ ಸಹಿಯೂ ಅವರದೇ ಬೇಕು. ಠೇವಣಿ ನೀವು ಕಟ್ಟಿದ್ದಾದರೆ ಮೊದಲೇ ಅವರಿಂದ ಬರೆಸಿಕೊಳ್ಳಿ, ಆಮೇಲೆ ತಕರಾರು ಬೇಡ. ಇನ್ನೊಂದು ಮಾತು: ಸ್ಮಾರ್ಟ್ ಮೀಟರ್ ಕೂರಿಸಿದ ಮಾತ್ರಕ್ಕೆ ಪ್ರೀಪೇಯ್ಡ್ ಆಗಲ್ಲ, ಅದೇ ಮೀಟರು ಎರಡೂ ರೀತಿ ನಡೆಯುತ್ತೆ. ನಿಮ್ಮ ಉಪವಿಭಾಗದ ಕಚೇರಿಯಲ್ಲಿ ಪ್ರೀಪೇಯ್ಡ್ ಕೊಡ್ತಿದ್ದಾರಾ ಅಂತ ಮೊದಲು ಕೇಳಿ.

ಉತ್ತರ 2:
ಹಳೇ ಮೀಟರ್ ಬಿಚ್ಚುವಾಗ ಕೊನೆಯ ರೀಡಿಂಗು, ಮೀಟರ್ ನಂಬರು ಎರಡೂ ಕಾಣುವ ಹಾಗೆ ಫೋಟೋ ತೆಗೀರಿ. ಜಗಳ ಹುಟ್ಟೋದೇ ಅಲ್ಲಿ.

ರೀಚಾರ್ಜಿಗೆ ಹಿಂದಿನ 12 ತಿಂಗಳ ಬಿಲ್ಲಲ್ಲಿ ಅತಿ ಹೆಚ್ಚಿನದನ್ನು 30ರಿಂದ ಭಾಗಿಸಿ, 15 ದಿನಕ್ಕಾಗುವಷ್ಟು ಹಾಕಿ. ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ದರೂ ಸ್ಥಿರ ಶುಲ್ಕ ಕಡಿತವಾಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ಉತ್ತರ 3:
ಹೊಸ ಮೀಟರ್ ಜೋರಾಗಿ ಓಡ್ತಿದೆ ಅನ್ನಿಸಿದರೆ ಹೀಗೆ ನೋಡ್ರಿ. ಮೀಟರ್ ಮೇಲೆ 3200 ಇಂಪಲ್ಸ್ ಅಂತ ಇದ್ದರೆ ಕೆಂಪು ದೀಪ 3200 ಸಲ ಮಿನುಗಿದಾಗ 1 ಯೂನಿಟ್. 2000 ವ್ಯಾಟಿನ ಗೀಸರ್ ಒಂದನ್ನೇ ಹಾಕಿದರೆ ನಿಮಿಷಕ್ಕೆ ಸುಮಾರು 107 ಮಿನುಗು ಬರಬೇಕು. ಮನೆಯ ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಮಿನುಗಿದರೆ ಮೀಟರಿನಿಂದ ಮನೆಗೆ ಬರುವ ವೈರಲ್ಲಿ ಸೋರಿಕೆ, ಇಲ್ಲವೇ ಬೇರೆಯವರ ಲೈನ್ ಸೇರಿರಬಹುದು, ಮೀಟರಲ್ಲೇ ದೋಷವೂ ಇರಬಹುದು.