ಅಪ್ಪನಿಗೆ ಯೂರಿನ್ ಪೈಪ್ ಹಾಕಿ ಮನೆಗೆ ಕಳಿಸಿದ್ದಾರೆ, ಪಕ್ಕದಿಂದ ಸೋರುತ್ತಿದೆ

ಪ್ರಶ್ನೆ: ಸಿಸ್ಟರ್, ನಮ್ಮ ತಂದೆಗೆ 74 ವರ್ಷ, ತೂಕ 60 ಕೆ.ಜಿ. ಪ್ರಾಸ್ಟೇಟ್ ದಪ್ಪ ಆಗಿ ಮೂತ್ರ ಕಟ್ಟಿತ್ತು. ಐದು ದಿನದ ಹಿಂದೆ ಕ್ಯಾಥೆಟರ್ ಹಾಕಿ, ಟ್ಯಾಮ್ಸುಲೋಸಿನ್ ಮಾತ್ರೆ ಕೊಟ್ಟು ಕಳಿಸಿದ್ದಾರೆ. ದಿನಾ ಕ್ಲೀನ್ ಮಾಡೋದು ಹೇಗೆ ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ನಿನ್ನೆ ರಾತ್ರಿಯಿಂದ ಪೈಪಿನ ಪಕ್ಕದಲ್ಲೇ ಸೋರಿ ಪಂಚೆ ಒದ್ದೆ ಆಗ್ತಿದೆ, ಬ್ಯಾಗಿಗೆ ಕಮ್ಮಿ ಬರ್ತಿದೆ. ಬ್ಯಾಗಲ್ಲಿ ಬಿಳಿ ಎಳೆ ಬೇರೆ ಕಾಣ್ತಿದೆ. ಆಂಟಿಬಯೋಟಿಕ್ ಶುರು ಮಾಡಬೇಕಾ?

ಉತ್ತರ (ಯುರಾಲಜಿ ವಾರ್ಡ್ ನರ್ಸ್): ಸೋರಿಕೆಯನ್ನು ಈಗಲೇ ನೋಡಿ, ಉಳಿದದ್ದು ಕಾಯುತ್ತದೆ. ಹೊದಿಕೆ ಸರಿಸಿ, ಮೂತ್ರದ್ವಾರದಿಂದ ಬ್ಯಾಗಿನವರೆಗೂ ಪೈಪನ್ನು ಬೆರಳಲ್ಲಿ ಹಿಡಿದುಕೊಂಡೇ ಬನ್ನಿ. ತೊಡೆಯಡಿ ಸಿಕ್ಕಿರಬಹುದು, ಮಡಚಿರಬಹುದು. ಪೈಪ್ ಮಂಚದ ಪಕ್ಕ ಉಯ್ಯಾಲೆಯಂತೆ ಜೋತುಬಿದ್ದು ಆ ತಗ್ಗಿನಲ್ಲೇ ಮೂತ್ರ ನಿಂತಿದ್ದರೂ ಇಳಿಯುವುದಿಲ್ಲ. ಬ್ಯಾಗ್ ಪೂರ್ತಿ ತುಂಬಿ ಬಿಗಿದಿದ್ದರೂ ಅಷ್ಟೇ.

ಇವೆಲ್ಲ ಸರಿಯಿದ್ದರೆ, ಮಲವಿಸರ್ಜನೆ ಆಗಿ ಎಷ್ಟು ದಿನವಾಯಿತು ಎಂದು ಕೇಳಿ. ಗುದನಾಳದಲ್ಲಿ ಗಟ್ಟಿ ಮಲ ತುಂಬಿದರೆ ಮೂತ್ರಕೋಶವನ್ನೂ ಪೈಪನ್ನೂ ಒತ್ತುತ್ತದೆ. ವಯಸ್ಸಾದವರಲ್ಲಿ ಸೋರಿಕೆಗೆ ಇದು ತೀರಾ ಸಾಮಾನ್ಯ ಕಾರಣ, ಮನೆಯವರು ಕೊನೆಗೆ ಯೋಚಿಸುವ ಕಾರಣವೂ ಇದೇ.

ಆಮೇಲೆ ಹೊಕ್ಕುಳ ಕೆಳಗೆ ಉಬ್ಬಿದೆಯಾ ಎಂದು ಕೈಯಿಟ್ಟು ನೋಡಿ, ಬ್ಯಾಗಿಗೆ ಎಷ್ಟು ಬಂದಿದೆ ಎಂದೂ ನೋಡಿ. ಮೂತ್ರಕ್ಕೆ ಗಂಟೆಗೆ, ತೂಕದ ಪ್ರತಿ ಕೆ.ಜಿ.ಗೆ ಅರ್ಧ ಎಂ.ಎಲ್. ಎಂಬುದು ಕನಿಷ್ಠ ಲೆಕ್ಕ. 60 ಕೆ.ಜಿ.ಯವರಿಗೆ 30 ಎಂ.ಎಲ್., ಅಂದರೆ ನಾಲ್ಕು ಗಂಟೆಯಲ್ಲಿ 120 ಎಂ.ಎಲ್. ಆದರೂ ಬರಬೇಕು. ಮಡಚಿಲ್ಲದಿದ್ದರೂ ಎರಡು ಗಂಟೆಯಿಂದ ಬ್ಯಾಗಿಗೆ ಹನಿಯೂ ಬಿದ್ದಿಲ್ಲ, ಕಿಬ್ಬೊಟ್ಟೆ ಉಬ್ಬಿದೆ, ನೋವಿದೆ ಅಂದರೆ ಪೈಪ್ ಕಟ್ಟಿಕೊಂಡಿದೆ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಸಿರಿಂಜಿನಲ್ಲಿ ನೀರು ಬಿಟ್ಟು ನೋಡುವ ಸಾಹಸ ಮನೆಯಲ್ಲಿ ಬೇಡ.

ಬ್ಯಾಗಿಗೆ ಚೆನ್ನಾಗಿ ಬರುತ್ತಿದ್ದು, ಆಗಾಗ ಕಿಬ್ಬೊಟ್ಟೆ ಹಿಂಡಿದಂತಾಗಿ ಪಕ್ಕದಿಂದ ಚಿಮ್ಮಿದರೆ ಅದು ಮೂತ್ರಕೋಶದ ಸೆಳೆತ. ಪೈಪ್ ಜಾರದಂತೆ ಮೂತ್ರಕೋಶದೊಳಗೆ ಉಬ್ಬಿಸಿಟ್ಟ ಬಲೂನು ಕೆರಳಿಸುವುದರಿಂದ ಹೀಗಾಗುತ್ತದೆ. ಇದಕ್ಕೆ ಡಾಕ್ಟರ್ ಮಾತ್ರೆ ಕೊಡಬಹುದು. ‘ದಪ್ಪ ಪೈಪ್ ಹಾಕಿಸಿ, ಸೋರಲ್ಲ’ ಎನ್ನುವ ಸಲಹೆ ಕೇಳಬೇಡಿ, ಕೆರಳುವುದು ಇನ್ನೂ ಜಾಸ್ತಿಯಾಗುತ್ತದೆ.

ಪೈಪಿನ ಹೊರತುದಿ ಎರಡಾಗಿ ಕವಲೊಡೆದಿದೆ, ನೋಡಿ. ಒಂದು ಬ್ಯಾಗಿಗೆ ಸೇರಿದೆ. ಬಣ್ಣದ ವಾಲ್ವ್ ಇರುವ ಇನ್ನೊಂದು ಬಲೂನಿನದು, ಅದನ್ನು ಮುಟ್ಟಲೇಬಾರದು. ಒಳಗಿನ ಬಲೂನಿನಲ್ಲಿ ಸಾಮಾನ್ಯವಾಗಿ 10 ಎಂ.ಎಲ್. ನೀರು ಇರುತ್ತದೆ. ಅದು ಉಬ್ಬಿರುವಾಗ ಎಳೆದರೆ ಮೂತ್ರನಾಳ ಹರಿದು ರಕ್ತ ಬರುತ್ತದೆ. ಅದಕ್ಕೇ ಪೈಪನ್ನು ತೊಡೆಯ ಮೇಲ್ಭಾಗಕ್ಕೆ ಸ್ವಲ್ಪ ಸಡಿಲ ಬಿಟ್ಟು ಪ್ಲಾಸ್ಟರಿನಿಂದ ಅಂಟಿಸಬೇಕು. ದಿನಾ ಜಾಗ ಬದಲಿಸಿ, ಒಂದೇ ಕಡೆ ಒತ್ತಿದರೆ ಮೂತ್ರದ್ವಾರದ ಅಂಚು ಹುಣ್ಣಾಗುತ್ತದೆ.

ಕ್ಲೀನ್ ಮಾಡಲು ಡೆಟಾಲ್ ಬೇಡ, ಪೌಡರ್ ಬೇಡ. ಕೈ ತೊಳೆದು, ಮುಂದೊಗಲನ್ನು ಹಿಂದೆ ಸರಿಸಿ, ಸೋಪು ನೀರಲ್ಲಿ ಅದ್ದಿದ ಬಟ್ಟೆಯಿಂದ ಮೂತ್ರದ್ವಾರ ಒರೆಸಿ. ನಂತರ ದ್ವಾರದ ಹತ್ತಿರ ಪೈಪನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು, ದೇಹದಿಂದ ಆಚೆಗೆ ನಾಲ್ಕು ಇಂಚು ಒರೆಸಿ. ಆಚೆಯಿಂದ ಈಚೆಗೆ ಉಜ್ಜಬಾರದು. ನೀರಲ್ಲಿ ಒರೆಸಿ, ಒಣಗಿಸಿ, ಮುಂದೊಗಲನ್ನು ಮರೆಯದೆ ಮುಂದಕ್ಕೆ ತನ್ನಿ. ಹಿಂದೆಯೇ ಬಿಟ್ಟರೆ ಅದು ಬಿಗಿದು ತುದಿ ಊದಿಕೊಳ್ಳುತ್ತದೆ, ಅದೂ ತುರ್ತು ಸ್ಥಿತಿಯೇ. ದಿನಕ್ಕೊಮ್ಮೆ ಸ್ನಾನದ ಹೊತ್ತಿಗೆ ಸಾಕು, ಮಲವಿಸರ್ಜನೆಯ ನಂತರ ಇನ್ನೊಮ್ಮೆ.

ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಆಟೋ ಹತ್ತುವಾಗ ಬ್ಯಾಗನ್ನು ಮಡಿಲಲ್ಲಿ ಇಡುತ್ತಾರಲ್ಲ, ಅದೇ ತಪ್ಪು. ಮೂರರಲ್ಲಿ ಎರಡು ಪಾಲು ತುಂಬುವ ಮೊದಲೇ ಖಾಲಿ ಮಾಡಿ, ಕೆಳಗಿನ ನಲ್ಲಿ ಪಾತ್ರೆಗೆ ತಾಗಬಾರದು. ಬ್ಯಾಗ್ ಬದಲಿಸುವ ದಿನ ಬಿಟ್ಟು ಬೇರೆ ಯಾವಾಗಲೂ ಪೈಪಿನಿಂದ ಕಳಚಬೇಡಿ.

ಬಿಳಿ ಎಳೆ ಹೆಚ್ಚಾಗಿ ಲೋಳೆ ಮತ್ತು ಗಷ್ಟು. ಜ್ವರ, ನಡುಕ, ಪಕ್ಕೆನೋವು, ಇದ್ದಕ್ಕಿದ್ದಂತೆ ಮಂಕಾಗಿ ಅಸಂಬದ್ಧ ಮಾತು, ಇವು ಯಾವುವೂ ಇಲ್ಲದಿದ್ದರೆ ಆಂಟಿಬಯೋಟಿಕ್ ಬೇಡ. 100.4 ಫ್ಯಾರನ್‌ಹೀಟ್ ದಾಟಿದರೆ ಆಸ್ಪತ್ರೆ.

ಪ್ರಶ್ನೆ (ಇನ್ನೊಬ್ಬರು): ನಮ್ಮತ್ತೆಗೆ ಒಂದು ತಿಂಗಳಿಂದ ಕ್ಯಾಥೆಟರ್ ಇದೆ. ಬ್ಯಾಗಿನಿಂದ ಮೂತ್ರ ತಗೊಂಡು ಲ್ಯಾಬಿಗೆ ಕೊಟ್ವಿ, ಸೋಂಕು ಅಂತ ರಿಪೋರ್ಟ್ ಬಂತು. ಜ್ವರ ಇಲ್ಲ. ಇವತ್ತು ನೋಡಿದ್ರೆ ಬ್ಯಾಗೇ ನೇರಳೆ ಬಣ್ಣಕ್ಕೆ ತಿರುಗಿದೆ!

ಉತ್ತರ: ಬ್ಯಾಗಿನ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ, ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಅದನ್ನು ಕೊಡಬಾರದು. ತಿಂಗಳು ಪೈಪ್ ಇಟ್ಟುಕೊಂಡವರ ಮೂತ್ರದಲ್ಲಂತೂ ಬ್ಯಾಕ್ಟೀರಿಯಾ ಸಿಗದಿರುವುದೇ ಅಪರೂಪ. ಲಕ್ಷಣ ಇದ್ದಾಗ ಮಾತ್ರ ಪರೀಕ್ಷೆ. ಪೈಪ್ ಹಾಕಿ ಎರಡು ವಾರ ದಾಟಿದ್ದರೆ ಹೊಸದು ಹಾಕಿ, ಅದರಿಂದಲೇ ಸ್ಯಾಂಪಲ್ ತೆಗೆಯುತ್ತೇವೆ. ಇಲ್ಲವಾದರೆ ಬ್ಯಾಗಿನ ಪೈಪಿನಲ್ಲಿ ಮೂತ್ರ ತೆಗೆಯಲೆಂದೇ ಇರುವ ಸ್ಯಾಂಪಲ್ ಪೋರ್ಟನ್ನು ಸ್ಪಿರಿಟಿನಿಂದ ಒರೆಸಿ ಸಿರಿಂಜಿನಲ್ಲಿ ಎಳೆಯುತ್ತೇವೆ. ಎರಡು ಗಂಟೆಯೊಳಗೆ ಅದು ಲ್ಯಾಬ್ ಸೇರಬೇಕು, ತಡವಾಗುವುದಾದರೆ ಫ್ರಿಜ್ಜಿನಲ್ಲಿಡಬೇಕು.

ನೇರಳೆ ಬಣ್ಣಕ್ಕೆ ಹೆದರಬೇಡಿ. ಮಲಬದ್ಧತೆ ಇರುವವರ ಕರುಳಿನಲ್ಲಿ ಆಹಾರದ ಪ್ರೋಟೀನಿನ ಅಂಶವಾದ ಟ್ರಿಪ್ಟೊಫ್ಯಾನ್ ಒಡೆದು ಬರುವ ವಸ್ತುವನ್ನು ಮೂತ್ರದ ಕೆಲವು ಬ್ಯಾಕ್ಟೀರಿಯಾಗಳು ನೀಲಿ ಮತ್ತು ಕೆಂಪು ವರ್ಣಗಳಾಗಿ ಮಾಡುತ್ತವೆ. ಎರಡೂ ಪ್ಲಾಸ್ಟಿಕ್ಕಿಗೆ ಹಿಡಿದು ನೇರಳೆಯಾಗಿ ಕಾಣುತ್ತದೆ. ಪೈಪ್, ಬ್ಯಾಗ್ ಬದಲಿಸಿ, ಮಲಬದ್ಧತೆ ಸರಿಪಡಿಸಿ. ಹೇಗೂ ಲೇಟೆಕ್ಸ್ ಪೈಪ್ ಆಗಿದ್ದರೆ ತಿಂಗಳಾಯಿತಲ್ಲ, ಬದಲಿಸುವ ಹೊತ್ತೇ. ಪೂರ್ತಿ ಸಿಲಿಕೋನಿನದು 12 ವಾರದವರೆಗೂ ಇರಬಹುದು. ಯಾವುದು ಹಾಕಿದ್ದಾರೆ, ಯಾವ ತಾರೀಕು, ಬಲೂನಿಗೆ ಎಷ್ಟು ನೀರು ಎಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ (ಮೊದಲಿನವರು): ತುಂಬಾ ಥ್ಯಾಂಕ್ಸ್ ಸಿಸ್ಟರ್, ತೊಡೆಯಡಿ ಮಡಚಿತ್ತು! ಬಿಡಿಸಿದ ತಕ್ಷಣ 400 ಎಂ.ಎಲ್. ಬಂತು. ಎಳನೀರು, ಬಾರ್ಲಿ ನೀರು ಎಷ್ಟು ಕೊಡಬಹುದು? ಪೈಪ್ ಯಾವಾಗ ತೆಗೀತಾರೆ?

ಉತ್ತರ: ಬಾರ್ಲಿ ನೀರು ಔಷಧಿಯಲ್ಲ, ಕುಡಿಯಲು ಹಿತ ಅಷ್ಟೇ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಮೂತ್ರ ಬರುವಷ್ಟು ನೀರಿನಂಶ ಹೋಗಲಿ. ಹೃದಯದ ತೊಂದರೆ, ಕಾಲು ಊತ ಇದ್ದರೆ ಈ ಲೆಕ್ಕ ಬೇಡ, ಡಾಕ್ಟರ್ ಹೇಳಿದಷ್ಟೇ. ಎಳನೀರಿನ ವಿಷಯದಲ್ಲಿ ಮಾತ್ರ ತಡೆಯಿರಿ. ಅದರಲ್ಲಿ ಪೊಟ್ಯಾಸಿಯಂ ಹೇರಳ. ಮೂತ್ರ ಕಟ್ಟಿದ್ದವರ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಏರಿರುವುದುಂಟು, ಅಂಥ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕದಿರಬಹುದು. ರಿಪೋರ್ಟ್ ತೋರಿಸಿ ಡಾಕ್ಟರ್ ಹೂಂ ಅಂದಮೇಲೆ ಕೊಡಿ.

ಟ್ಯಾಮ್ಸುಲೋಸಿನ್ ಮಾತ್ರೆ ಕೆಲವು ದಿನ ಕೆಲಸ ಮಾಡಿದ ಮೇಲೆ ಪೈಪ್ ತೆಗೆದು ನೋಡುತ್ತಾರೆ. ಆ ಮಾತ್ರೆಗೆ ಬಿ.ಪಿ. ಇಳಿದು ತಲೆ ಸುತ್ತಬಹುದು. ರಾತ್ರಿ ಎದ್ದರೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಲಿ. ತೆಗೆಸಲು ಬೆಳಗ್ಗೆಯೇ ಹೋಗಿ. ನಾಲ್ಕಾರು ಗಂಟೆಯೊಳಗೆ ತಾವಾಗಿ ಮೂತ್ರ ಮಾಡುತ್ತಾರಾ, ಮಾಡಿದ ಮೇಲೆ ಒಳಗೆ ಎಷ್ಟು ಉಳಿಯಿತು ಎಂದು ಸ್ಕ್ಯಾನಿನಲ್ಲಿ ನೋಡಬೇಕು. ಸಂಜೆ ತೆಗೆಸಿದರೆ ನಡುರಾತ್ರಿ ಮತ್ತೆ ಕಟ್ಟಿಕೊಂಡು ಎಮರ್ಜೆನ್ಸಿಗೆ ಓಡಬೇಕಾಗಬಹುದು.